ಮದರ್‌ಬೋರ್ಡಿಗೆ ಎಷ್ಟು ದುಡ್ಡು ಹಾಕಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ಡ್ ಕಂಪ್ಯೂಟರಿಗೆ ಕೊಟೇಶನ್ ಕೇಳಿದರೆ ಅಂಗಡಿಯವರು ಬರೆದುಕೊಡುವ ಚೀಟಿಯಲ್ಲಿ ಪ್ರೊಸೆಸರಿನ ಹೆಸರು ಕೊನೆಯ ಅಕ್ಷರದ ತನಕ ಪೂರ್ತಿ ಇರುತ್ತದೆ. ರ‍್ಯಾಮ್ ಎಷ್ಟು ಜಿಬಿ, ಎಸ್‌ಎಸ್‌ಡಿ ಎಷ್ಟು ಜಿಬಿ ಎಂಬುದೂ ಇರುತ್ತದೆ. ಮದರ್‌ಬೋರ್ಡಿನ ಸಾಲಿಗೆ ಬಂದಾಗ ಮಾತ್ರ ಬಹಳ ಸಲ ‘ಎಚ್610’ ಎಂದೋ ‘ಎ520’ ಎಂದೋ ಗೀಚಿ ಮುಂದೆ ಬೆಲೆ ಹಾಕಿಬಿಡುತ್ತಾರೆ. ಅದು ಬೋರ್ಡಿನ ಮೇಲಿರುವ ಚಿಪ್‌ಸೆಟ್‌ನ ಹೆಸರಷ್ಟೇ. ಅದೇ ಚಿಪ್‌ಸೆಟ್ ಇಟ್ಟುಕೊಂಡು ಅಸುಸ್, ಗಿಗಾಬೈಟ್, ಎಂಎಸ್‌ಐ, ಅಸ್‌ರಾಕ್ ಎಂಬ ತೈವಾನಿನ ನಾಲ್ಕು ಕಂಪನಿಗಳೂ ಬಗೆಬಗೆಯ ಬೋರ್ಡುಗಳನ್ನು ಮಾಡುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಾವಿರ, ಎರಡು ಸಾವಿರ ರೂಪಾಯಿ ಅಂತರ ಇರುತ್ತದೆ. ‘ಪ್ರೊಸೆಸರ್ ಯಾವುದೆಂದು ತೀರ್ಮಾನ ಆಗಿದೆ, ಬೋರ್ಡ್ ಯಾವುದು ಹಾಕಿಸಲಿ, ಅದಕ್ಕೆ ಎಷ್ಟು ಖರ್ಚು ಮಾಡಲಿ’ ಎಂಬ ಪ್ರಶ್ನೆ ಈ ಅಂಕಣದ ಓದುಗರಿಂದ ಮತ್ತೆ ಮತ್ತೆ ಬರುವುದಕ್ಕೆ ಈ ಗೊಂದಲವೇ ಕಾರಣ. ಮೂವತ್ತೈದು, ನಲವತ್ತು ಸಾವಿರದೊಳಗೆ ಮನೆಗೊಂದು ಕಂಪ್ಯೂಟರ್ ಕಟ್ಟಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಕೊಡುವ ಉತ್ತರ ಒಂದೇ. ಮದರ್‌ಬೋರ್ಡ್ ಕಂಪ್ಯೂಟರಿಗೆ ವೇಗ ಕೊಡುವುದಿಲ್ಲ, ಮಿತಿ ಹಾಕುತ್ತದೆ. ಆ ಮಿತಿ ನಿಮಗೆ ತಟ್ಟುವಂಥದ್ದಾದರೆ ಅದನ್ನು ದಾಟಲು ದುಡ್ಡು ಕೊಡಿ, ಇಲ್ಲದಿದ್ದರೆ ಆ ದುಡ್ಡು ಬೇರೆ ಕಡೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಿಂದೆ ಹೀಗಿರಲಿಲ್ಲ. ಈ ಶತಮಾನದ ಮೊದಲ ಕೆಲವು ವರ್ಷ ಮದರ್‌ಬೋರ್ಡ್ ಆರಿಸುವುದೆಂದರೆ ನಿಜವಾಗಿಯೂ ವೇಗವನ್ನೇ ಆರಿಸುವುದಾಗಿತ್ತು. ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಆಗ ಬೋರ್ಡಿನ ಮೇಲಿನ ನಾರ್ತ್‌ಬ್ರಿಜ್ ಎಂಬ ಚಿಪ್ಪಿನಲ್ಲಿತ್ತು. ಇಂಟೆಲ್, ವಿಐಎ, ಸಿಸ್, ಎನ್‌ವಿಡಿಯಾ ತಮ್ಮ ತಮ್ಮ ಚಿಪ್‌ಸೆಟ್ ಮಾರುತ್ತಿದ್ದವು. ಒಂದೇ ಪ್ರೊಸೆಸರ್ ಒಂದರ ಮೇಲೆ ಚುರುಕಾಗಿ, ಇನ್ನೊಂದರ ಮೇಲೆ ಮಂದವಾಗಿ ಓಡುತ್ತಿತ್ತು. 2003ರಲ್ಲಿ ಎಎಂಡಿ ಅಥ್ಲಾನ್ 64 ತಂದಾಗ ಆ ಕಂಟ್ರೋಲರನ್ನು ಪ್ರೊಸೆಸರಿನ ಒಳಕ್ಕೇ ಎಳೆದುಕೊಂಡಿತು. ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7 ಜೊತೆ ಅದೇ ದಾರಿ ಹಿಡಿಯಿತು. ಮರುವರ್ಷ ಅದರ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿಗೆ ಹೋಗುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳೂ ಒಳಗೆ ಸೇರಿದವು. ವೇಗವನ್ನು ನಿರ್ಧರಿಸುವ ಅಂಗಗಳೆಲ್ಲ ಹೀಗೆ ಬೋರ್ಡಿನಿಂದ ಪ್ರೊಸೆಸರಿಗೆ ವಲಸೆ ಹೋದ ಮೇಲೆ ಬೋರ್ಡಿಗೆ ಉಳಿದದ್ದು ಮೂರು ಕೆಲಸ: ಕರೆಂಟನ್ನು ಹದ ಮಾಡಿ ಕೊಡುವುದು, ತಂತಿಯ ದಾರಿಗಳನ್ನು ಹಾಸುವುದು, ಹಿಂದೆ ಮುಂದೆ ಪೋರ್ಟುಗಳನ್ನು ಒದಗಿಸುವುದು. ಕೋರ್ ಐ5-12400 ಎಂಬ ಪ್ರೊಸೆಸರನ್ನು ಅದರ ಬಳಕೆಗೆ ತಕ್ಕಷ್ಟು ಕರೆಂಟ್ ಕೊಡಬಲ್ಲ ಎಚ್610 ಬೋರ್ಡಿನ ಮೇಲೆ ಕೂರಿಸಿ, ಅದರ ಮೂರು ಪಟ್ಟು ಬೆಲೆಯ ಜೆಡ್790 ಬೋರ್ಡಿನ ಮೇಲೂ ಕೂರಿಸಿ. ರ‍್ಯಾಮ್ ಒಂದೇ ಆಗಿದ್ದರೆ ಕೆಲಸದ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ‘ಒಳ್ಳೆಯ ಬೋರ್ಡ್ ಹಾಕಿದರೆ ಸ್ಪೀಡ್ ಬರುತ್ತದೆ’ ಎಂಬ ಮಾತು ಇವತ್ತಿಗೂ ಕೌಂಟರಿನ ಆಚೆಯಿಂದ ಕೇಳಿಸುತ್ತದೆ. ಅದು ನಾರ್ತ್‌ಬ್ರಿಜ್ ಕಾಲದ ಮಾತು.

ಹಾಗಾದರೆ ದುಬಾರಿ ಚಿಪ್‌ಸೆಟ್ ಏನು ಕೊಡುತ್ತದೆ? ರೈಜೆನ್ 5 5600ಜಿ ಉದಾಹರಣೆ ತೆಗೆದುಕೊಳ್ಳೋಣ. ಆರು ಕೋರ್, ಒಳಗೇ ಗ್ರಾಫಿಕ್ಸ್ ಇರುವ ಈ ಪ್ರೊಸೆಸರ್ 2021ರಿಂದ ನಮ್ಮಲ್ಲಿ ಕಡಿಮೆ ಬಜೆಟ್ಟಿನವರ ಮೆಚ್ಚಿನದು. ಇದಕ್ಕೆ ಐದು ಸಾವಿರದ ಆಸುಪಾಸಿನ ಎ520 ಬೋರ್ಡ್ ಸಾಕೋ, ಎಂಟು ಹತ್ತು ಸಾವಿರದ ಬಿ550 ಬೇಕೋ ಎಂಬುದು ಪ್ರಶ್ನೆ. ಬಿ550ರ ದೊಡ್ಡ ಹೆಚ್ಚುಗಾರಿಕೆ ಪಿಸಿಐ ಎಕ್ಸ್‌ಪ್ರೆಸ್ 4.0. ಎ520 ಬೋರ್ಡುಗಳಲ್ಲಿ ಅದು 3.0ಕ್ಕೆ ನಿಲ್ಲುತ್ತದೆ. ಆದರೆ 5600ಜಿ ಎಂಬ ಪ್ರೊಸೆಸರೇ 3.0ಕ್ಕಿಂತ ಮುಂದೆ ಹೋಗದು! ಎಷ್ಟು ಒಳ್ಳೆಯ ಬಿ550 ಹಾಕಿದರೂ ಆ 4.0 ಸ್ಲಾಟ್ 3.0 ಆಗಿಯೇ ಓಡುತ್ತದೆ. ಎರಡನೆಯ ಹೆಚ್ಚುಗಾರಿಕೆ ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ನಿಗದಿತ ವೇಗ ಮೀರಿ ಓಡಿಸುವುದು. ಎ520ರಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವಂತಿಲ್ಲ ಎಂಬುದು ನಿಜ, ಆದರೆ ಡಬ್ಬಿಯ ಜೊತೆ ಬರುವ ಪುಟ್ಟ ಫ್ಯಾನ್ ಹಾಕಿಕೊಂಡು ಮನೆಬಳಕೆಗೆ ಕಂಪ್ಯೂಟರ್ ಕಟ್ಟುವವರು ಅದಕ್ಕೆ ಕೈ ಹಾಕುವುದು ಅಪರೂಪ. ರ‍್ಯಾಮಿನ ವೇಗ ಏರಿಸಿಕೊಳ್ಳುವ ಸೌಲಭ್ಯ ಎ520ರಲ್ಲೂ ಇದೆ. ಉಳಿದದ್ದು ಎಸ್‌ಎಸ್‌ಡಿ ಕೂರಿಸಲು ಇನ್ನೊಂದು ಎಂ.2 ಸ್ಲಾಟ್, ಇನ್ನೆರಡು ಯುಎಸ್‌ಬಿ. ಮೂರು ನಾಲ್ಕು ಸಾವಿರ ಹೆಚ್ಚು ಕೊಟ್ಟು ಕೊಂಡದ್ದರಲ್ಲಿ ಬಹುಪಾಲು ಈ ಪ್ರೊಸೆಸರಿಗೆ ಮುಟ್ಟುವುದೇ ಇಲ್ಲ. ಇಂಟೆಲ್ ಕಡೆಗೂ ಲೆಕ್ಕ ಇದೇ. ಎಚ್610ರಲ್ಲಿ ಡಿಡಿಆರ್4 ರ‍್ಯಾಮ್ 3200ರಾಚೆ ಓಡದು, ಎಂ.2 ಸ್ಲಾಟ್ 3.0 ವೇಗದ್ದು. ಬಿ760ರಲ್ಲಿ ಈ ಎರಡೂ ತಡೆ ಇಲ್ಲ. ಆದರೆ 3.0 ವೇಗದ ಎಸ್‌ಎಸ್‌ಡಿಯೇ ಸೆಕೆಂಡಿಗೆ 3,500 ಎಂಬಿ ಹತ್ತಿರ ಓದುತ್ತದೆ, ಹಳೆಯ ಸಾಟಾ ಎಸ್‌ಎಸ್‌ಡಿಗಿಂತ ಆರು ಪಟ್ಟು. ಅದಕ್ಕೂ ಮೇಲಿನ ವೇಗದಿಂದ ಬ್ರೌಸರ್ ಬೇಗ ತೆರೆಯುವುದಾಗಲಿ, ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಸಲೀಸಾಗುವುದಾಗಲಿ ಇಲ್ಲ.

ಇದೇ ತರ್ಕವನ್ನು ಕಣ್ಣುಮುಚ್ಚಿ ಹಿಡಿದರೆ ಎಡವುವ ಜಾಗವೂ ಉಂಟು. 2022ರ ಆರಂಭದಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಗ್ರಾಫಿಕ್ಸ್ ಕಾರ್ಡ್ ನೋಡಿ. ಸ್ಲಾಟಿನಲ್ಲಿ ಹದಿನಾರು ದಾರಿಗಳಿದ್ದರೂ ಈ ಕಾರ್ಡ್ ಬಳಸುವುದು ನಾಲ್ಕನ್ನೇ. 4.0 ಬೋರ್ಡಿನಲ್ಲಿ ಆ ನಾಲ್ಕು ದಾರಿಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹರಿದರೆ, 3.0 ಬೋರ್ಡಿನಲ್ಲಿ ಅದರ ಅರ್ಧ. ಕಾರ್ಡಿನ ಮೇಲಿರುವ ಮೆಮೊರಿ 4 ಜಿಬಿ ಮಾತ್ರ. ಆಟ ಅದನ್ನು ತುಂಬಿಸಿ ಹೊರಚೆಲ್ಲಿದೊಡನೆ ಆ ಇಕ್ಕಟ್ಟಿನ ದಾರಿಯಲ್ಲಿ ಕಂಪ್ಯೂಟರಿನ ರ‍್ಯಾಮಿಗೆ ಓಡಾಡಬೇಕು, ಚಿತ್ರ ತಡವರಿಸುತ್ತದೆ. ಪ್ರೊಸೆಸರ್ 4.0 ಬಲ್ಲದ್ದಾದರೆ, ಇಲ್ಲಿ ಎ520ರ ಮಿತಿ ನಿಜವಾಗಿಯೂ ತಟ್ಟುತ್ತದೆ. ಅಗ್ಗದ ಕಾರ್ಡಿಗೇ ಬೋರ್ಡ್ ಹೆಚ್ಚು ಮುಖ್ಯವಾಗುವುದು ವಿಚಿತ್ರವೆನಿಸಬಹುದು, ಆದರೆ ದಾರಿಗಳನ್ನು ಕತ್ತರಿಸಿಯೇ ಕಾರ್ಡನ್ನು ಅಗ್ಗ ಮಾಡಿರುವುದರಿಂದ ಹಾಗಾಗುತ್ತದೆ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಹಾಕುವವರು ಆ ಕಾರ್ಡ್ ಎಷ್ಟು ದಾರಿ ಬಳಸುತ್ತದೆ ಎಂದು ಮೊದಲು ನೋಡಿಕೊಂಡು ಆಮೇಲೆ ಬೋರ್ಡಿನ ಮಾತಿಗೆ ಬರಬೇಕು. ಕಾರ್ಡೇ ಹಾಕದವರಿಗೆ ಈ ಪ್ರಶ್ನೆ ಇಲ್ಲ.

ಎಲ್ಲರಿಗೂ ತಟ್ಟುವ ಮಿತಿ ರ‍್ಯಾಮ್ ಸ್ಲಾಟಿನದು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟ್ ಇರುತ್ತವೆ, ಎಚ್610ರಲ್ಲಂತೂ ಚಿಪ್‌ಸೆಟ್‌ನ ನಿಯಮವೇ ಅದು. 32 ಜಿಬಿಯ ಎರಡು ಸ್ಟಿಕ್ ಹಾಕಿದರೆ 64 ಜಿಬಿ ಆಗುತ್ತದೆ, ಮನೆಗೆ ಧಾರಾಳ. ತೊಂದರೆ ಇರುವುದು ಏರಿಸುವ ಕ್ರಮದಲ್ಲಿ. ಇವತ್ತು 8 ಜಿಬಿಯ ಎರಡು ಸ್ಟಿಕ್ ಹಾಕಿದವರು ನಾಳೆ 32 ಜಿಬಿ ಬೇಕೆಂದರೆ ಎರಡನ್ನೂ ಕಿತ್ತು ಹೊಸದಾಗಿ ಕೊಳ್ಳಬೇಕು. ಅದಕ್ಕೇ ಅಂಗಡಿಯವರು ‘ಈಗ 16ರ ಒಂದೇ ಸ್ಟಿಕ್ ಹಾಕಿ, ಮುಂದೆ ಇನ್ನೊಂದು ಹಾಕೋಣ’ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದು ಅಷ್ಟು ಕೆಟ್ಟ ಸಲಹೆಯಲ್ಲ. ಆದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದವರಿಗೆ ನಷ್ಟ ಜಾಸ್ತಿ, ಏಕೆಂದರೆ ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 3200 ವೇಗದ ಡಿಡಿಆರ್4 ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಸ್ಟಿಕ್ ಸೇರಿ 51.2 ಜಿಬಿ. ಒಂದೇ ಸ್ಟಿಕ್ ಹಾಕಿದ 5600ಜಿ ಆಟಗಳಲ್ಲಿ ಏದುಸಿರು ಬಿಡುವುದು ಇದೇ ಕಾರಣಕ್ಕೆ. ‘ಡಿಡಿಆರ್5ರಲ್ಲಿ ಒಂದೇ ಸ್ಟಿಕ್ಕಿನಲ್ಲಿ ಎರಡು ಚಾನೆಲ್ ಇದೆ, ಒಂದು ಸಾಕು’ ಎಂಬ ಇನ್ನೊಂದು ಮಾತೂ ಚಾಲ್ತಿಯಲ್ಲಿದೆ. ಚಾನೆಲ್ ಎರಡಾದರೂ ಒಂದೊಂದರ ಅಗಲ 32 ಬಿಟ್, ಕೂಡಿದರೆ ಹಳೆಯ ಡಿಡಿಆರ್4 ಸ್ಟಿಕ್ಕಿನಷ್ಟೇ 64 ಬಿಟ್. ಮುಂದೆ ರ‍್ಯಾಮ್ ಏರಿಸುವುದು ಖಾತ್ರಿ ಎನ್ನುವ ವಿಡಿಯೊ ಎಡಿಟಿಂಗ್, ಫೋಟೊ ಕೆಲಸದವರಿಗೆ ನಾಲ್ಕು ಸ್ಲಾಟಿನ ಬೋರ್ಡಿಗೆ ಕೊಡುವ ಹೆಚ್ಚುವರಿ ಹಣ ಸಾರ್ಥಕ. 2025ರ ಕೊನೆಯ ತಿಂಗಳುಗಳಲ್ಲಿ ಎಐ ದತ್ತಾಂಶ ಕೇಂದ್ರಗಳ ಹಸಿವಿನಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ, ಮನೆಬಳಕೆಯವರಿಗೆಂದು ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಬಿಡುವುದಾಗಿ ಸಾರಿತು. ಇಂಥ ಹೊತ್ತಿನಲ್ಲಿ ಕಿತ್ತೆಸೆಯಬೇಕಾಗದ ರ‍್ಯಾಮ್, ಬೋರ್ಡಿಗೆ ಹೆಚ್ಚು ಕೊಡುವ ಎರಡು ಸಾವಿರಕ್ಕಿಂತ ದೊಡ್ಡ ಉಳಿತಾಯ. ಮನೆಯಲ್ಲಿ ಹಳೆಯ ಕಂಪ್ಯೂಟರಿನ ಡಿಡಿಆರ್4 ಸ್ಟಿಕ್ಕುಗಳಿದ್ದರೆ ಅವನ್ನು ತೆಗೆದುಕೊಳ್ಳುವ ಬೋರ್ಡನ್ನೇ ಹುಡುಕುವುದು ಜಾಣತನ. ಡಿಡಿಆರ್4 ಸ್ಟಿಕ್ ಡಿಡಿಆರ್5 ಸ್ಲಾಟಿನಲ್ಲಿ ಕೂರುವುದಿಲ್ಲ. ಎಚ್610, ಬಿ760 ಬೋರ್ಡುಗಳು ಎರಡೂ ಬಗೆಯಲ್ಲಿ ಬರುವುದರಿಂದ ಡಬ್ಬಿಯ ಮೇಲಿನ ಹೆಸರಿನಲ್ಲಿ ಡಿ4 ಇದೆಯೋ ಇಲ್ಲವೋ ಎಂದು ಓದಲೇಬೇಕು.

ಕಣ್ಣಿಗೆ ಬೀಳದ ಇನ್ನೊಂದು ಮಿತಿ ಕರೆಂಟಿನದು. ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್, ಪ್ರೊಸೆಸರಿಗೆ ಬೇಕಾದದ್ದು ಒಂದೂಕಾಲು ವೋಲ್ಟಿನ ಆಸುಪಾಸು. ನಡುವೆ ನಿಂತು ಇಳಿಸಿಕೊಡುವುದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತ ಕೂತಿರುವ ವಿಆರ್‌ಎಂ ಎಂಬ ಬಿಡಿಭಾಗಗಳ ಸಾಲು. ವೋಲ್ಟ್ ಇಳಿದಷ್ಟೂ ಆಂಪಿಯರ್ ಏರುತ್ತದೆ. 65 ವಾಟ್ ಎಂದು ಡಬ್ಬಿಯ ಮೇಲೆ ಬರೆದ ರೈಜೆನ್ ಪೂರ್ತಿ ದುಡಿಯುವಾಗ 88 ವಾಟ್ ತನಕ ಎಳೆಯುತ್ತದೆ, ಅಂದರೆ ಹೆಚ್ಚುಕಡಿಮೆ 70 ಆಂಪಿಯರ್. ಇದನ್ನು ಐದು ಸಾವಿರದ ಬೋರ್ಡೂ ನಿಭಾಯಿಸುತ್ತದೆ. ಐ5-12400ರ ಗರಿಷ್ಠ 117 ವಾಟನ್ನೂ ಒಳ್ಳೆಯ ಎಚ್610 ತಡೆದುಕೊಳ್ಳುತ್ತದೆ. ಆದರೆ ಐ9-13900ಕೆಯ 253 ವಾಟ್ ಎಂದರೆ 200 ಆಂಪಿಯರಿನ ಮಾತು. ಸಾಕೆಟ್ ಹೊಂದುತ್ತದೆ, ಕಂಪನಿಯ ಪಟ್ಟಿಯಲ್ಲೂ ಹೆಸರಿರುತ್ತದೆ ಎಂದು ಅದನ್ನು ಎಚ್610ರ ಮೇಲೆ ಕೂರಿಸಿದರೆ ವಿಆರ್‌ಎಂ ಕಾದು, ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನೇ ಇಳಿಸುತ್ತದೆ. ಬೋರ್ಡ್ ವೇಗ ಕೊಡದು, ಕಸಿಯಬಲ್ಲದು. ಬಜೆಟ್ ಕಂಪ್ಯೂಟರಿನಲ್ಲಿ ಐ9 ಬರುವುದಿಲ್ಲವಾದ್ದರಿಂದ ಇದು ಅಪರೂಪದ ತೊಂದರೆ. ಆದರೂ ಕಲಬುರಗಿ, ರಾಯಚೂರಿನ ನಲವತ್ತು ಡಿಗ್ರಿ ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿಡುವ ಯಂತ್ರಕ್ಕೆ ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಕೂರಿಸಿದ ಬೋರ್ಡಿಗೆ ಐನೂರು, ಸಾವಿರ ಹೆಚ್ಚು ಕೊಡುವುದು ದಂಡವಲ್ಲ. ಪ್ರೊಸೆಸರಿನ ಡಬ್ಬಿಯಲ್ಲಿ ಬರುವ ಫ್ಯಾನ್ ಗಾಳಿಯನ್ನು ಕೆಳಮುಖವಾಗಿ ಊದುತ್ತದೆ, ಆ ಗಾಳಿ ವಿಆರ್‌ಎಂಗೂ ತಾಗುತ್ತದೆ. ಅದನ್ನು ಕಿತ್ತು, ಬಣ್ಣದ ದೀಪದ ಆಸೆಗೆ ಉದ್ದನೆಯ ಟವರ್ ಕೂಲರ್ ಹಾಕಿದರೆ ಗಾಳಿ ಅಡ್ಡಡ್ಡ ಹೋಗಿ ವಿಆರ್‌ಎಂ ಒಣಗುತ್ತದೆ. ಹೀಟ್‌ಸಿಂಕ್ ಇಲ್ಲದ ಬೋರ್ಡಿನಲ್ಲಿ ಪ್ರೊಸೆಸರ್ ತಣ್ಣಗಿದ್ದು ಬೋರ್ಡ್ ಬಿಸಿಯಾಗುವ ತಮಾಷೆ ನಡೆಯುವುದು ಹೀಗೆ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಬಂದೇ ಬರುತ್ತದೆ. ‘ಬೋರ್ಡ್ ಅಂದರೆ ಪಾಯ ಇದ್ದ ಹಾಗೆ, ಪಾಯ ಗಟ್ಟಿ ಹಾಕಿದರೆ ಮುಂದೆ ಮೇಲೊಂದು ಮಹಡಿ ಎಬ್ಬಿಸಬಹುದು’ ಎನ್ನುತ್ತಾರೆ. ಮಾತು ಚೆನ್ನಾಗಿದೆ. ಆದರೆ ಮಹಡಿ ಎಬ್ಬಿಸುವ ಹೊತ್ತಿಗೆ ಇಟ್ಟಿಗೆಯ ಅಳತೆಯೇ ಬದಲಾಗಿದ್ದರೆ? ಇಂಟೆಲ್ ಚರಿತ್ರೆ ನೋಡಿ. 2015ರಲ್ಲಿ ಬಂದ 1151 ಪಿನ್ನಿನ ಸಾಕೆಟ್ ಎರಡು ತಲೆಮಾರಿನ ಪ್ರೊಸೆಸರುಗಳನ್ನು ಹಿಡಿಯಿತು. 2017ರಲ್ಲಿ ಎಂಟನೆಯ ತಲೆಮಾರು ಬಂದಾಗ ಪಿನ್ನುಗಳ ಸಂಖ್ಯೆ ಅಷ್ಟೇ ಇದ್ದರೂ ಹಳೆಯ ಬೋರ್ಡುಗಳು ನಡೆಯಲಿಲ್ಲ. 2020ರಲ್ಲಿ 1200, 2021ರ ಕೊನೆಗೆ 1700, 2024ರ ಅಕ್ಟೋಬರಿನಲ್ಲಿ 1851. ಒಂಬತ್ತು ವರ್ಷದಲ್ಲಿ ಒಂದಕ್ಕೊಂದು ಹೊಂದದ ಐದು ಕವಲು. ಬಜೆಟ್ ಗ್ರಾಹಕರಿಗೆ ಇದಕ್ಕಿಂತ ಕಹಿಯಾದದ್ದೂ ನಡೆದಿದೆ. 1200 ಸಾಕೆಟ್ಟಿನ ಅಗ್ಗದ ಚಿಪ್‌ಸೆಟ್‌ಗಳಾದ ಎಚ್410, ಬಿ460ಗಳಿಗೆ ಹತ್ತನೆಯ ತಲೆಮಾರಿನ ನಂತರ ಬಾಗಿಲು ಮುಚ್ಚಿತು, ಮರುವರ್ಷವೇ ಬಂದ ಹನ್ನೊಂದನೆಯ ತಲೆಮಾರಿಗೆ ಇಂಟೆಲ್ ಅವುಗಳಲ್ಲಿ ಬೆಂಬಲ ಕೊಡಲಿಲ್ಲ. ನಾಲ್ಕೈದು ವರ್ಷ ಕಳೆದ ಮೇಲೆ ಏನಾದರೂ ಬದಲಿಸೋಣ ಎಂದು ಹೊರಟಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ನಡೆದುಬಂದ ರೂಢಿ. ಅಂಥಲ್ಲಿ ಐದು ವರ್ಷದ ಹಿಂದೆ ಭವಿಷ್ಯಕ್ಕೆಂದು ಕೊಟ್ಟ ನಾಲ್ಕು ಸಾವಿರ ಹಳೆಯ ಬೋರ್ಡಿನ ಜೊತೆಗೇ ಗುಜರಿಗೆ ಹೋಗುತ್ತದೆ.

ಇದಕ್ಕೆ ಎದುರುತ್ತರವಾಗಿ ಎಎಂಡಿಯ ಎಎಂ4 ಸಾಕೆಟ್ಟನ್ನು ತೋರಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. 2017ರಲ್ಲಿ ಮೊದಲ ರೈಜೆನ್ ಜೊತೆ ಕೊಂಡ ಬಿ350 ಬೋರ್ಡಿನ ಮೇಲೆ 2022ರ 5800ಎಕ್ಸ್3ಡಿ ಕೂರಿಸಲು ಸಾಧ್ಯವಾಯಿತು. ಅದೂ ಸಲೀಸಾಗಿ ಬಂದ ಸೌಭಾಗ್ಯವಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ ಮುಂಬರುವ ರೈಜೆನ್ 5000ಕ್ಕೆ ಬಿ450ರಂಥ ಬೋರ್ಡುಗಳು ಆಗುವುದಿಲ್ಲ ಎಂದಿತ್ತು. ಗ್ರಾಹಕರು ಗದ್ದಲ ಎಬ್ಬಿಸಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. ಬೋರ್ಡನ್ನು ಎಬ್ಬಿಸುವ ಬಯಾಸ್ ತಂತ್ರಾಂಶ ಇಡುವ ಚಿಪ್ಪಿನಲ್ಲಿ 16 ಎಂಬಿ ಜಾಗವಷ್ಟೇ ಇದ್ದ ಬೋರ್ಡುಗಳಲ್ಲಿ ಹೊಸ ಪ್ರೊಸೆಸರಿಗೆ ಎಡೆ ಮಾಡಿಕೊಡಲು ಹಳೆಯ ಪ್ರೊಸೆಸರುಗಳ ಬೆಂಬಲವನ್ನು ತೆಗೆಯಬೇಕಾಯಿತು. 2022ರಲ್ಲಿ ಇನ್ನೂ ಹಳೆಯ 300 ಸರಣಿಗೂ ಅನುಮತಿ ಸಿಕ್ಕಿತು. ಈ ಕಥೆಯಲ್ಲಿ ನನ್ನ ವಾದಕ್ಕೆ ಬೇಕಾದ ಎಳೆ ಇಲ್ಲೇ ಇದೆ: ಆ ಅನುಮತಿ ಸಿಕ್ಕ ಬೋರ್ಡುಗಳ ಪಟ್ಟಿಯಲ್ಲಿ ಎಕ್ಸ್370 ಎಂಬ ದುಬಾರಿಯೂ ಇತ್ತು, ಎ320 ಎಂಬ ತೀರ ಅಗ್ಗವೂ ಇತ್ತು. ಭವಿಷ್ಯ ಸಾಕೆಟ್ಟಿನಲ್ಲಿತ್ತು, ಬೋರ್ಡಿನ ದರ್ಜೆಯಲ್ಲಿ ಅಲ್ಲ. ಆದ್ದರಿಂದ ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಗಟ್ಟಿಯಾಗಿದ್ದರೆ, ಹಳೆಯ ಸಾಕೆಟ್ಟಿನ ದುಬಾರಿ ಬೋರ್ಡಿಗಿಂತ ಹೊಸ ಸಾಕೆಟ್ಟಿನ ಸಾಧಾರಣ ಬೋರ್ಡ್ ಮೇಲು. ಎಎಂ5 ಸಾಕೆಟ್ಟನ್ನು 2027 ಮತ್ತು ಅದರಾಚೆಗೂ ನಡೆಸುವುದಾಗಿ ಎಎಂಡಿ ಹೇಳಿದೆ. ಅಲ್ಲಿ ಅಗ್ಗದ ಎ620 ಬೋರ್ಡುಗಳನ್ನು ಮುಖ್ಯವಾಗಿ 65 ವಾಟ್ ಪ್ರೊಸೆಸರುಗಳಿಗೆಂದೇ ರೂಪಿಸಲಾಗಿದೆ, ಮುಂದೆ ಎಂಟು ಕೋರಿನ ಭಾರಿ ಪ್ರೊಸೆಸರ್ ಹಾಕುವವರು ಒಂದು ಮೆಟ್ಟಿಲು ಮೇಲಿನ ಬಿ650 ನೋಡಬೇಕು. ತೊಡಕು ಏನೆಂದರೆ ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ದಾರಿಯಿಲ್ಲ, ರ‍್ಯಾಮ್ ದುಬಾರಿಯಾದ ಕಾಲದಲ್ಲಿ ನಲವತ್ತು ಸಾವಿರದ ಲೆಕ್ಕ ಅಲ್ಲೇ ಹರಿದುಹೋಗುತ್ತದೆ. ಅಂಥವರು ಎಎಂ4 ಅಥವಾ 1700 ಸಾಕೆಟ್ಟಿನಲ್ಲಿ ಅಗ್ಗದ ಬೋರ್ಡ್ ಹಾಕಿ, ಮುಂದಿನ ಏರಿಕೆಯ ಯೋಚನೆ ಬಿಟ್ಟು ಐದಾರು ವರ್ಷ ಆರಾಮವಾಗಿ ದುಡಿಸಿಕೊಳ್ಳುವುದು ಒಳ್ಳೆಯದು.

ಅಗ್ಗ ಎಂದಾಗ ಎಷ್ಟು ಅಗ್ಗ ಎಂಬ ಪ್ರಶ್ನೆಯೂ ಇದೆ. ಹತ್ತು ಹದಿನೈದು ಸಾವಿರಕ್ಕೆ ‘ಹೊಸ ಐ5 ಕಂಪ್ಯೂಟರ್’ ಎಂಬ ಜಾಹೀರಾತುಗಳ ಒಳಗೆ ಇರುವುದು ಬಹುಪಾಲು ಎಚ್61 ಬೋರ್ಡ್. ಎಚ್61 ಎಂಬುದು 2011ರ ಚಿಪ್‌ಸೆಟ್, ಅದರ ಮೇಲೆ ಕೂರುವುದು ಇಂಟೆಲ್‌ನ ಎರಡನೆಯ ಮತ್ತು ಮೂರನೆಯ ತಲೆಮಾರು. ಬೋರ್ಡ್ ಹೊಸದಾಗಿ ತಯಾರಾದದ್ದೇ ಇರಬಹುದು, ಪ್ರೊಸೆಸರ್ ಮಾತ್ರ ಯಾವುದೋ ಕಚೇರಿಯ ಹಳೆಯ ಯಂತ್ರದಿಂದ ಕಿತ್ತದ್ದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಸ್ಥೂಲವಾಗಿ ಇಂಟೆಲ್ ಎಂಟನೆಯ ತಲೆಮಾರು ಅಥವಾ ರೈಜೆನ್ 2000ದಿಂದ ಈಚಿನದನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು. ‘ಲಿನಕ್ಸ್ ಹಾಕಿಕೊಂಡರಾಯಿತಲ್ಲ’ ಎಂದರೆ ಸರಿ, ಹಾಕಿಕೊಳ್ಳಬಹುದು. ಆದರೆ ಮನೆಯಲ್ಲಿ ಈಗಾಗಲೇ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವುದು ಬೇರೆ, ಸತ್ತ ಸಾಕೆಟ್ಟಿಗೂ ಡಿಡಿಆರ್3 ರ‍್ಯಾಮಿಗೂ ಇವತ್ತು ಹೊಸದಾಗಿ ದುಡ್ಡು ಕೊಡುವುದು ಬೇರೆ. ಅಷ್ಟೇ ಬಜೆಟ್ ಎನ್ನುವವರು ಬೋರ್ಡ್ ಹುಡುಕುವುದನ್ನು ಬಿಟ್ಟು ಎಂಟನೆಯ ತಲೆಮಾರಿನ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಕೊಳ್ಳಲಿ. ನನ್ನ ವಾದ ಅಗ್ಗದ ಬೋರ್ಡಿನ ಪರವಾಗಿದೆ, ಕಾಲ ಮುಗಿದ ಬೋರ್ಡಿನ ಪರವಾಗಿಲ್ಲ. ಹೆಸರು ಕೇಳದ ಬ್ರ್ಯಾಂಡುಗಳ ಇನ್ನೊಂದು ಕೊರತೆ ಬಯಾಸ್ ಅಪ್‌ಡೇಟ್. 2024ರಲ್ಲಿ ಇಂಟೆಲ್‌ನ 13, 14ನೆಯ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳು ಅಸ್ಥಿರವಾಗುತ್ತಿದ್ದುದು ದೊಡ್ಡ ಸುದ್ದಿಯಾಯಿತು. ಅದಕ್ಕೆ ಪರಿಹಾರ ಜನರ ಕೈಸೇರಿದ್ದು ಬೋರ್ಡ್ ಕಂಪನಿಗಳು ಕೊಟ್ಟ ಬಯಾಸ್ ಅಪ್‌ಡೇಟುಗಳ ಮೂಲಕ. ತನ್ನ ಜಾಲತಾಣದಲ್ಲಿ ಬಯಾಸ್ ಕಡತವನ್ನೇ ಇಡದ ಕಂಪನಿಯ ಬೋರ್ಡ್ ಕೊಂಡವರು ಅಂಥ ಸಂದರ್ಭದಲ್ಲಿ ಯಾರ ಬಾಗಿಲು ತಟ್ಟಬೇಕು?

‘ಅಗ್ಗದ ಬೋರ್ಡ್ ಬೇಗ ಹೋಗುತ್ತದೆ’ ಎಂಬ ಭಯಕ್ಕೂ ಒಂದು ಇತಿಹಾಸವಿದೆ. ಇಪ್ಪತ್ತು ವರ್ಷದ ಹಿಂದೆ ಕೆಟ್ಟ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು ತಲೆ ಉಬ್ಬಿ ಒಡೆದು ಲೆಕ್ಕವಿಲ್ಲದಷ್ಟು ಬೋರ್ಡುಗಳು ಸತ್ತವು. ಈಗ ಹೆಸರಾಂತ ಕಂಪನಿಗಳ ಅಗ್ಗದ ಬೋರ್ಡಿನಲ್ಲೂ ಪ್ರೊಸೆಸರಿನ ಸುತ್ತ ಇರುವುದು ಘನ ಪಾಲಿಮರ್ ಕೆಪಾಸಿಟರುಗಳು. ಅವುಗಳ ಆಯುಷ್ಯ ಬಹಳ ಹೆಚ್ಚು. ಇವತ್ತು ಬೋರ್ಡಿಗೆ ಅಪಾಯ ಒಳಗಿನಿಂದಲ್ಲ, ಗೋಡೆಯ ಪ್ಲಗ್ಗಿನಿಂದ. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ, ಮೈಮೇಲೆ 450 ವಾಟ್ ಎಂದು ಬರೆದುಕೊಂಡ ಹಗುರ ಎಸ್‌ಎಂಪಿಎಸ್ ಎಷ್ಟು ವಾಟ್ ಕೊಡುತ್ತದೋ ದೇವರೇ ಬಲ್ಲ. ಅದು ಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಬಿ550 ಬಿಟ್ಟು ಎ520ಕ್ಕೆ ಇಳಿದಾಗ ಉಳಿಯುವ ಮೂರು ಸಾವಿರವನ್ನು 80 ಪ್ಲಸ್ ಗುರುತಿನ, ನಂಬಿಕೆಯ ಕಂಪನಿಯ ಎಸ್‌ಎಂಪಿಎಸ್‌ಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೇ. ಬೋರ್ಡಿನ ಬಾಳಿಕೆ ಹೆಚ್ಚಿಸಲು ದುಬಾರಿ ಬೋರ್ಡಿಗಿಂತ ಅದು ಒಳ್ಳೆಯ ಉಪಾಯ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಲ್ಯಾನ್ ಪೋರ್ಟ್ ಸುಟ್ಟುಹೋಗುವುದು ಹೊಸತಲ್ಲ. ಮನೆಗೆ ಬರುವ ಫೈಬರ್ ಗಾಜಿನ ಎಳೆಯಾದರೂ ಮೋಡೆಮ್ಮಿನ ಅಡಾಪ್ಟರ್ ಕರೆಂಟಿಗೇ ಸಿಕ್ಕಿಸಿರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ಇದಕ್ಕೆ ಹತ್ತು ಸಾವಿರದ ಬೋರ್ಡೂ ಇಪ್ಪತ್ತು ಸಾವಿರದ ಬೋರ್ಡೂ ಒಂದೇ.

ಉಳಿದದ್ದು ಪೋರ್ಟುಗಳ ವಿಚಾರ, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಯಲ್ಲಿರುವ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ವಿಜಿಎ ಇರುವ ಬೋರ್ಡ್ ನೋಡಿ. ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ 3 ವೈರ್ ಸಿಕ್ಕಿಸುವ ಜಾಗ, ಕ್ಯಾಬಿನೆಟ್ ಫ್ಯಾನಿಗೆ ಕನಿಷ್ಠ ಒಂದು ಹೆಡರ್ ಇದೆಯೇ ನೋಡಿ. ವೈಫೈ ಬೋರ್ಡಿನಲ್ಲೇ ಇರಬೇಕೆಂದು ಎರಡು ಸಾವಿರ ಹೆಚ್ಚು ಕೊಡುವ ಬದಲು ಯುಎಸ್‌ಬಿ ಡಾಂಗಲ್ ಹಾಕಿದರೂ ಮನೆಯ ಬ್ರಾಡ್‌ಬ್ಯಾಂಡಿಗೆ ನಡೆಯುತ್ತದೆ. ಒಂದು ಎಚ್ಚರ ಮಾತ್ರ ಮುಖ್ಯ: ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರಿಗೂ, ‘ಜಿ’ ಇಲ್ಲದ ಎಎಂ4 ರೈಜೆನಿಗೂ ಒಳಗೆ ಗ್ರಾಫಿಕ್ಸ್ ಇಲ್ಲ. ಅಂಥದ್ದನ್ನು ಹಾಕಿ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ, ಬೋರ್ಡ್ ಕೆಟ್ಟಿದೆಯೆಂದು ಅಂಗಡಿಗೆ ಮರಳುವವರಲ್ಲಿ ಇಂಥವರೂ ಸೇರಿರುತ್ತಾರೆ. ಅಂಗಡಿಯಲ್ಲಿ ಬಹಳ ದಿನ ಕೂತ ಬೋರ್ಡಿನ ಬಯಾಸ್ ಹಳೆಯದಾಗಿದ್ದು ಹೊಸ ಪ್ರೊಸೆಸರನ್ನು ಗುರುತಿಸದೆ ಇರುವುದೂ ಉಂಟು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ಹಾಕುವ ಗುಂಡಿ ಕೆಲವು ಬೋರ್ಡುಗಳಲ್ಲಿದೆ, ಅಗ್ಗದವುಗಳಲ್ಲಿ ಕಡಿಮೆ. ಆದ್ದರಿಂದ ಪ್ರೊಸೆಸರನ್ನೂ ಬೋರ್ಡನ್ನೂ ಒಂದೇ ಅಂಗಡಿಯಲ್ಲಿ ಕೊಂಡು, ಅಲ್ಲೇ ಕೂರಿಸಿ, ಪರದೆ ಬಂದದ್ದನ್ನು ನೋಡಿ ದುಡ್ಡು ಕೊಡುವುದು ಕ್ಷೇಮ. ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿ ಕಡಿಮೆಗೆ ಸಿಗುತ್ತದೆಂದು ಬೇರೆ ಬೇರೆ ಕಡೆಯಿಂದ ತರಿಸಿದವರಿಗೆ ಈ ಅನುಕೂಲ ಇರುವುದಿಲ್ಲ.

ಹಾಗೆ ಕೂರಿಸುವ ಮೊದಲು ಇನ್ನೊಂದು ಕೆಲಸವಿದೆ. ಇಂಟೆಲ್‌ನ ಬೋರ್ಡುಗಳಲ್ಲೂ ಎಎಂ5 ಬೋರ್ಡುಗಳಲ್ಲೂ ಸೂಕ್ಷ್ಮ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿ. ಒಂದು ಪಿನ್ ಬಾಗಿದರೂ ರ‍್ಯಾಮಿನ ಒಂದು ಚಾನೆಲ್ ಕಾಣೆಯಾಗಬಹುದು, ಬೋರ್ಡ್ ಏಳದೆಯೇ ಇರಬಹುದು. ಅಂಥ ಹಾನಿ ವಾರಂಟಿಯಲ್ಲಿ ಬರುವುದಿಲ್ಲ. ಡಬ್ಬಿ ತೆರೆದಾಗ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಸರಿಸಿ, ಬೆಳಕಿಗೆ ಹಿಡಿದು, ಪಿನ್ನುಗಳ ಸಾಲು ಎಲ್ಲ ಕಡೆ ಒಂದೇ ಸಮ ಹೊಳೆಯುತ್ತಿದೆಯೇ ನೋಡಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಬೋರ್ಡಿನ ಪೂರ್ತಿ ಮಾಡೆಲ್ ಹೆಸರೂ ಸೀರಿಯಲ್ ನಂಬರೂ ಬರೆಸಿಕೊಳ್ಳಿ, ವಾರಂಟಿ ಸಾಮಾನ್ಯವಾಗಿ ಮೂರು ವರ್ಷದ್ದಿರುತ್ತದೆ. ಆ ಮುಚ್ಚಳವನ್ನು ಕಸಕ್ಕೆ ಎಸೆಯಬೇಡಿ. ಬೋರ್ಡನ್ನು ಸರ್ವಿಸ್ ಸೆಂಟರಿಗೆ ಕೊಡುವ ದಿನ ಬಂದರೆ, ಸಾಕೆಟ್ ಮೇಲೆ ಅದು ಇರಲೇಬೇಕು.